ನಮ್ಮ ಬೀದಿಯ ಸೌರ ಘಟಕ

ಈ ವರ್ಷ ನಮ್ಮ ನಗರ ಭಾರಿ ಪ್ರಗತಿ ಸಾಧಿಸಿತು. ಸಾಧಿಸಿದ್ದು ನಾನು, ನಗರ ಜೊತೆಗಿತ್ತು.

ಇದನ್ನ ಜಂಬಕ್ಕೆ ಹೇಳ್ತಿಲ್ಲ. ಜಂಬಕ್ಕೆ ಹೇಳೋಕೆ ಬೇರೆ ಸಂಗತಿಗಳಿವೆ, ನಡುನಡುವೆ ಬರ್ತವೆ.

ನಂದು ದೊಡ್ಡ ಬೀದಿ ಮೂಲೇಲಿ ತಲೆಗೂದಲು ಕತ್ತರಿಸೋ ಅಂಗಡಿ. ಅಪ್ಪ ಹಾಕಿದ್ದು. ಅಲ್ಲಿರೋ ಕುರ್ಚಿ ಎಡಕ್ಕೆ ಮಾತ್ರ ತಿರುಗುತ್ತೆ. ಬಲಗಡೆ ಕಿವಿ ಬೇಕಾದರೆ ಪೂರ್ತಿ ಒಂದು ಸುತ್ತು ಹೊಡೆಸಬೇಕು. ಅಂಥ ಕುರ್ಚಿಯಲ್ಲಿ ಒಬ್ಬರ ಕಿವಿಗೂ ಗಾಯ ಮಾಡದೆ ಕೆಲಸ ಮಾಡಿದವನು ಈ ಊರಲ್ಲಿ ನಾನೊಬ್ಬನೇ. ಇನ್ನೊಬ್ಬ ಇದ್ದರೆ ಕರ್ಕೊಂಡು ಬನ್ನಿ, ಕಿವಿ ಎಣಿಸೋಣ.

ಓದಿದವರು ಈ ಕೆಲಸಕ್ಕೆ ಕ್ಷೌರ ಅಂತಾರೆ. ನಮ್ಮ ಮನೆತನದ ಬಾಯಲ್ಲಿ ಅದು ಸೌರ. ಆ ‘ಕ್ಷ’ ಹೊರಡಬೇಕಾದರೆ ಹಲ್ಲುಸಂದಿಯಿಂದ ಎಂಜಲು ಹಾರುತ್ತೆ. ಎದುರಿಗೆ ಒಬ್ಬ ಕತ್ತು ಒಡ್ಡಿ ಕೂತಿರುವಾಗ ಎಂಜಲು ಹಾರಿಸೋದು ಕಸುಬಿಗೆ ಮರ್ಯಾದೆ ಅಲ್ಲ. ಅದಕ್ಕೇ ಅಪ್ಪ ತಾನೇ ಬಣ್ಣ ತಂದು, ಏಣಿ ಹತ್ತಿ, ಬೋರ್ಡು ಬರೆದ: ‘ಸೌರಶಾಲೆ’. ಶಾಲೆಗೆ ಹೋಗೋ ಹುಡುಗರು ಅದನ್ನ ನೋಡಿ ನಗ್ತಿದ್ದರು. ಅವರಲ್ಲಿ ಒಬ್ಬ ಮಹಾ ತರಲೆ, ದಿನಾ ಸೀಮೆಸುಣ್ಣ ತಂದು, ಗೆಳೆಯನ ಹೆಗಲೇರಿ, ‘ಸೌ’ ಮೇಲೆ ‘ಕ್ಷೌ’ ತಿದ್ದಿ ಓಡಿಹೋಗ್ತಿದ್ದ. ನಾನು ಒರೆಸ್ತಿದ್ದೆ. ಆ ಹುಡುಗ ಬೆಳೆದು, ಗುತ್ತಿಗೆದಾರನಾಗಿ, ನಮ್ಮ ನಗರಸಭೆ ಚೇರ್ಮನ್ನರ ಮಗಳನ್ನ ಮದುವೆ ಆದ. ತಿದ್ದೋ ಚಟ ಬಿಡಲಿಲ್ಲ.

ವರ್ಷದ ಶುರುವಿನಲ್ಲಿ ಗೋಡೆಗಳ ಮೇಲೆ ಒಂದು ಪ್ರಕಟಣೆ ಅಂಟಿಸಿದರು:

‘ಪ್ರಸಕ್ತ ವರ್ಷವನ್ನು ನಗರ ನವೋದ್ಯಮ ವರ್ಷವೆಂದು ಘೋಷಿಸಲಾಗಿದೆ. ದೊಡ್ಡ ಬೀದಿಯಲ್ಲಿರುವ ಹಳೆಯ ಕಸುಬುಗಳು ಪ್ರಗತಿಯ ನೋಟಕ್ಕೆ ಅಡ್ಡವಾಗಿರುವುದು ಕಂಡುಬಂದಿರುವುದರಿಂದ, ಸದರಿ ಕಸುಬುಗಳನ್ನು ಕಸ ವಿಲೇವಾರಿ ಮೈದಾನದ ಹಿಂಬದಿಯಲ್ಲಿರುವ ಪಾರಂಪರಿಕ ವೃತ್ತಿ ಗೌರವ ವಲಯಕ್ಕೆ ಗೌರವಪೂರ್ವಕವಾಗಿ ಸಾಗಿಸತಕ್ಕದ್ದು. ಗೌರವವನ್ನು ನಿರಾಕರಿಸಿದವರ ಮೇಲೆ ಕ್ರಮ ಜರುಗಿಸಲಾಗುವುದು.’

ನನ್ನ ಮೂಲೆ ಖಾಲಿಯಾದರೆ ಅಲ್ಲಿ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಕಾರು ನಿಲ್ಲಿಸೋ ಕಟ್ಟಡ ಬರುತ್ತೆ, ಗುತ್ತಿಗೆ ಚೇರ್ಮನ್ನರ ಅಳಿಯನಿಗೇ ಅಂತ ಊರಿಗೆಲ್ಲ ಗೊತ್ತಿತ್ತು. ಅದರಲ್ಲಿ ತಪ್ಪೇನಿಲ್ಲ. ಅಳಿಯನಿಗೆ ಕೊಡದೆ ದಾರೀಲಿ ಹೋಗೋನಿಗೆ ಕೊಡೋಕಾಗುತ್ತಾ?

ನಮ್ಮವಳು ಮಾತ್ರ ಕೇಳಿದಳು. “ರೀ, ಆ ಕಸದ ಗುಡ್ಡೆ ಹಿಂದೆ ಯಾರ್ರೀ ಬಂದು ತಲೆ ಒಡ್ಡುತ್ತಾರೆ?”

“ನನ್ನ ಕೈ ಇರೋ ಕಡೆ ತಲೆ ತಾನಾಗೇ ಬರುತ್ತೆ” ಅಂದೆ.

“ಬರುತ್ತೆ ಬರುತ್ತೆ. ಕಾಗೆಗಳ ತಲೆ.”

ಹೇಳಿದ್ದು ಜೋರಾಗೇ. ಆದರೆ ಆ ದಿನ ಕುರ್ಚಿಗೆ ಎಣ್ಣೆ ಬಿಡ್ತಾ ಇದ್ದಾಗ, ಇದನ್ನ ಎತ್ತಿದರೆ ಮತ್ತೆ ಎಡಕ್ಕೂ ತಿರುಗಲ್ಲ ಅಂತ ಗೊತ್ತಾಯ್ತು. ಅಪ್ಪ ಅದನ್ನ ನೆಲಕ್ಕೆ ಸೇರಿಸಿ ಗಾರೆ ಹಾಕಿದ್ದ.

ಹೀಗಿರುವಾಗ ಗಣತಿಯವನು ಬಂದ. ಯಾವುದು ಹಳೇ ಕಸುಬು, ಯಾವುದು ಹೊಸ ಉದ್ಯಮ ಅಂತ ಬರ್ಕೊಳ್ಳೋಕೆ. ಕೈಯಲ್ಲಿ ಒಂದು ಗಾಜಿನ ಹಲಗೆ, ಅದರ ಮೇಲೆ ಬೆರಳಾಡಿಸ್ತಿದ್ದ.

“ಯಜಮಾನ್ರೇ, ಏನು ಉದ್ಯೋಗ?”

“ಸೌರ.”

ಅವನ ಬೆರಳು ನಿಂತಿತು. “ಸೌರಾನಾ?”

“ಕಣ್ಣಿಲ್ವಾ? ಮೇಲೆ ಬೋರ್ಡು ನೋಡು.”

ನೋಡಿದ. ನಿಂತಿದ್ದವನು ಇನ್ನೂ ನೆಟ್ಟಗೆ ನಿಂತ. “ಎಷ್ಟು ವರ್ಷದಿಂದ?”

“ಅಪ್ಪನ ಕಾಲದಿಂದ ಇಲ್ಲಿ. ಅದಕ್ಕೂ ಮೊದಲು ತಾತ ಮರದ ಕೆಳಗೆ ಮಾಡ್ತಿದ್ದ.”

“ಮರದ ಕೆಳಗಾ? ನೆರಳಲ್ಲಿ ಆಗುತ್ತಾ?”

“ನೆರಳಲ್ಲೇ ಚೆನ್ನಾಗಿ ಆಗೋದು.”

“ಹೊಸ ತಂತ್ರಜ್ಞಾನ” ಅಂತ ತನ್ನಷ್ಟಕ್ಕೆ ಹೇಳ್ಕೊಂಡು ಬರ್ಕೊಂಡ. “ಕರೆಂಟು ಎಷ್ಟು ಬಳಸ್ತೀರಿ?”

“ಕರೆಂಟು ಯಾಕೆ? ಒಂದು ಬಲ್ಬಿದೆ, ಅದೂ ಉರಿಯಲ್ಲ.”

“ಉತ್ಪಾದನೆ ಯಾವಾಗ ಜಾಸ್ತಿ?”

“ಭಾನುವಾರ.”

“ಸಹಜ” ಅಂದ. “ತ್ಯಾಜ್ಯ ಏನಾದರೂ?”

“ಬರುತ್ತೆ, ಗುಡಿಸಿ ಹಾಕ್ತೀನಿ. ಮೊದಲು ಕಪ್ಪಿರ್ತಿತ್ತು. ಈಗ ಊರಿಗೆ ವಯಸ್ಸಾಯ್ತಲ್ಲ, ಬರೀ ಬಿಳುಪು.”

“ಹೊಗೆ ಇಲ್ಲ, ಕಪ್ಪು ಇಲ್ಲ” ಅಂತ ಬರ್ಕೊಂಡು ನನಗೆ ಕೈಮುಗಿದು ಹೋದ. ನಗರಸಭೆಯವನು ನನಗೆ ಕೈಮುಗಿದದ್ದು ಅದೇ ಮೊದಲು. ನನಗೆ ಆಶ್ಚರ್ಯ ಆಗಲಿಲ್ಲ. ಇಷ್ಟು ತಡ ಯಾಕಾಯ್ತು ಅಂತ ಮಾತ್ರ ಅನ್ನಿಸಿತು.

ಪಕ್ಕದ ಅಂಗಡಿ ನನ್ನ ಭಾವಮೈದಂದು, ಅಂದರೆ ನಮ್ಮವಳ ತಮ್ಮ. ಬಟ್ಟೆ ಹೊಲಿಯೋನು. ನನಗೂ ಅವನಿಗೂ ಮಾತಿಲ್ಲ. ಏನಿದ್ದರೂ ನಡುಗೋಡೆ ಕಡೆ ಮುಖ ಮಾಡಿ ಹೇಳ್ತೀವಿ. ಅವನು ನನಗೆ ಹೊಲಿದ ಕೋಟಿನ ಬಲತೋಳು ಒಂದು ಗೇಣು ಉದ್ದ. ನಾನು ಅವನಿಗೆ ಬಿಟ್ಟ ಕೆನ್ನೆಗೂದಲು ಎಡಗಡೆ ಒಂದು ಬೆರಳು ಉದ್ದ. ಯಾವುದು ಮೊದಲಾಯ್ತು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಬಾಯಿಬಡುಕ ಬೇರೆ. ಗಣತಿಯವನ ಮುಂದೆ ಎದೆ ಉಬ್ಬಿಸಿ “ನಾನು ಈ ಊರಿಗೇ ಪ್ರಥಮ ದರ್ಜಿ” ಅಂದ. ಆ ಗಾಜಿನ ಹಲಗೆಗೆ ಅಂಥ ಮಾತು ಗೊತ್ತಿರಲಿಲ್ಲವಂತೆ. ತಾನೇ ಯೋಚನೆ ಮಾಡಿ ‘ಪ್ರಥಮ ದರ್ಜೆ’ ಅಂತ ತಿದ್ದಿಕೊಂಡಿತು.

ತಿಂಗಳಾದ ಮೇಲೆ ಫಲಿತಾಂಶ ಬಂತು. ನನ್ನ ಬಾಗಿಲಿಗೆ ಹಸಿರು ಚೀಟಿ: ‘ಸೌರ ಉದ್ಯಮ. ಉಳಿಸತಕ್ಕದ್ದು. ಸಾಧ್ಯವಾದರೆ ಬೆಳೆಸತಕ್ಕದ್ದು.’ ಭಾವಮೈದನ ಬಾಗಿಲಿಗೆ ಚೀಟಿ ಬರಲಿಲ್ಲ. ಒಂದು ಮೇಜು, ಒಂದು ಗಂಟೆ, ಒಬ್ಬ ಜವಾನ, ಒಂದು ಗಾಡಿ ತುಂಬ ಫೈಲು ಬಂದವು.

ಅವನು ಗೋಡೆ ಕಡೆ ತಿರುಗಿದ. “ಭಾವ ಅಂತ ಒಬ್ಬರಿದ್ದಾರಲ್ಲ, ಅವರಿಗೆ ಕೇಳಿಸಲಿ. ಫೈಲು ಬಂದಿವೆ. ಏನು ಮಾಡೋದು?”

“ಪಕ್ಕದವರಿಗೆ ಬರೋದು ಒಂದೇ ಕೆಲಸ” ಅಂತ ನಾನೂ ಗೋಡೆಗೆ ಹೇಳಿದೆ. “ಅಳತೆ ತಗೊಳ್ಳಲಿ.”

ತಗೊಂಡ. ಟೇಪು ಹಿಡಿದು ಪ್ರತಿ ಫೈಲಿನ ಉದ್ದ, ಅಗಲ, ಸುತ್ತಳತೆ ನೋಡಿ ಮೇಲೆ ಬರೆದ. ಚರಂಡಿ ಕಾಮಗಾರಿ ಫೈಲಿನ ಮೇಲೆ ‘ಸೊಂಟದಲ್ಲಿ ಬಿಗಿ, ಬಿಚ್ಚಿ ಬಿಡಬಹುದು’ ಅಂತ ಬರೆದಿದ್ದಕ್ಕೆ ಮರುದಿನವೇ ಅನುದಾನ ಬಿಡುಗಡೆ ಆಯ್ತು. ಹೊಸ ಕಚೇರಿ ಕಟ್ಟಡದ ಫೈಲಿನ ಮೇಲೆ ‘ಬಟ್ಟೆ ಸಾಲದು’ ಅಂದ; ತಿರಸ್ಕೃತ. ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಬರೆಯೋ ಅಧಿಕಾರಿ ತಮ್ಮ ಸೇವಾವಧಿಯಲ್ಲೇ ಸಿಕ್ಕಿರಲಿಲ್ಲ ಅಂತ ಗುಮಾಸ್ತರು ಹೇಳ್ಕೊಂಡರು. ಒಂದು ಫೈಲೂ ಅವನ ಹತ್ತಿರ ಒಂದು ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಪ್ಯಾಂಟುಗಳು ಮಾತ್ರ ಮೊದಲಿನ ಹಾಗೇ ತಡ ಆಗ್ತಿದ್ದವು.

ಬೀದಿಯ ಉಳಿದವರು ನನ್ನ ಹತ್ತಿರ ಓಡಿಬಂದರು. ಎದುರಿನ ಟೀ ಅಂಗಡಿ ಅಕ್ಕನಿಗೆ ಜಾಗ ಖಾಲಿ ಮಾಡು ಅನ್ನೋ ಕೆಂಪು ಚೀಟಿ ಬಂದಿತ್ತು. ತಕರಾರಿದ್ದರೆ ಗಣತಿಯವನು ಮತ್ತೆ ಬರ್ತಾನೆ ಅಂತಲೂ ಅದರಲ್ಲಿತ್ತು.

“ಅಣ್ಣಾ, ನಾನೇನಂತ ಹೇಳಲಿ?”

“ನೀನು ಬೆಳಗಿಂದ ಸಂಜೆ ತನಕ ಏನು ಮಾಡ್ತೀಯ?”

“ನೀರು ಕುದಿಸ್ತೀನಿ.”

“ಕುದಿಸಿದರೆ ಏನು ಬರುತ್ತೆ?”

“ಹಬೆ.”

“ಅಷ್ಟನ್ನೇ ಹೇಳು. ಟೀ ಅನ್ನೋ ಮಾತು ಎತ್ತಬೇಡ.”

ಅವಳ ಅಂಗಡಿ ಉಷ್ಣ ಸ್ಥಾವರ ಅಂತ ದಾಖಲಾಯ್ತು. ಚಪ್ಪಲಿ ಹೊಲಿಯೋ ಮಾವ ಪ್ರಯಾಣ ಸಾಧನಗಳ ದುರಸ್ತಿ ಕೇಂದ್ರ ಆದ. ಹಳೇ ಪೇಪರ್ ಕೊಳ್ಳೋನು ಮಾಹಿತಿ ಸಂಗ್ರಹಾಗಾರ ಆದ. ಬೀದಿಯಲ್ಲಿ ಒಬ್ಬನೂ ಅಲ್ಲಾಡಲಿಲ್ಲ, ಬೀದಿ ಪೂರ್ತಿ ಬದಲಾಯ್ತು. ನನ್ನದೊಂದು ಬಿಟ್ಟು ಪ್ರತಿಯೊಂದಕ್ಕೂ ಚೇರ್ಮನ್ನರೇ ಬಂದು ಟೇಪು ಕತ್ತರಿಸಿದರು. ಟೇಪು ಒಂದೇ, ಕತ್ತರಿಸಿದ ಮೇಲೆ ಭಾವಮೈದ ಹೊಲಿದು ಕೊಡ್ತಿದ್ದ. ವರ್ಷದ ಕೊನೆಗೆ ಅದರಲ್ಲಿ ಟೇಪಿಗಿಂತ ದಾರವೇ ಜಾಸ್ತಿ.

ಹೊಸ ಉದ್ಯಮಗಳ ಲೆಕ್ಕದಲ್ಲಿ ನಮ್ಮ ನಗರ ಎಲ್ಲರಿಗಿಂತ ಮುಂದೆ ಹೋಗಿಬಿಡ್ತು. ‘ಉಜ್ವಲ ನಗರ’ ಅಂತ ದೊಡ್ಡ ಪ್ರಶಸ್ತಿ ಇದೆಯಂತೆ, ಕೊಡೋ ಮುಂಚೆ ಮೇಲಿನಿಂದ ಒಂದು ಸಮಿತಿ ಬಂದು ಸೌರ ಘಟಕವನ್ನ ಕಣ್ಣಾರೆ ನೋಡುತ್ತೆ ಅಂತ ಪತ್ರ ಬಂತು.

ಚೇರ್ಮನ್ನರು ಗಡ್ಡಕ್ಕೆ ಬಂದರು. ಊರೆಲ್ಲ ಅವರನ್ನ ಚೇರ್ಮನ್ನರು ಅನ್ನುತ್ತೆ, ಆದರೆ ಅವರು ಅಲ್ಲಾಡದೆ ಕೂರೋ ಚೇರು ಇರೋದು ನನ್ನ ಅಂಗಡಿಯಲ್ಲೇ. ಮೀಸೆ ಚಿಗುರಿದಾಗಿನಿಂದ ಅವರ ಮುಖ ನನ್ನ ಕೈಯಲ್ಲಿದೆ.

“ಅಲ್ಲಯ್ಯಾ, ನಮ್ಮೂರಲ್ಲಿ ಸೌರ ಘಟಕ ಇದೆಯಂತೆ. ಎಲ್ಲಿದೆ?” ನೊರೆಯೊಳಗಿಂದ ಕೇಳಿದರು.

“ನೀವು ಕೂತಿದ್ದೀರಲ್ಲ, ಇದೇ.”

ಕನ್ನಡಿಯಲ್ಲಿ ನನ್ನನ್ನ ನೋಡಿದರು. ಕತ್ತಿ ನೋಡಿದರು.

“ಪ್ರಶಸ್ತಿ ಬರುತ್ತಾ?”

“ಸೌರದಲ್ಲಿ ನನ್ನನ್ನ ಮೀರಿಸೋನು ಯಾರಿದ್ದಾನೆ ಸ್ವಾಮಿ?”

“ಹಾಗಾದರೆ ಸರಿ” ಅಂದು ಇನ್ನೊಂದು ಕೆನ್ನೆ ಕೊಟ್ಟರು.

ಅಳಿಯ ಒಪ್ಪಲಿಲ್ಲ. ನಡುಬೀದಿಯಲ್ಲಿ ನಿಂತು ಬೋರ್ಡಿಗೆ ಬೆರಳು ತೋರಿಸಿ ಕೂಗಿದ. “ಅದು ಸೌರ ಅಲ್ಲ! ಕ್ಷೌರ! ಕ್ಷ! ಕ್ಷ!” ಪಾಪ, ಇಡೀ ಊರಲ್ಲಿ ಆ ಮಾತನ್ನ ಸರಿಯಾಗಿ ಹೇಳ್ತಿದ್ದವನು ಅವನೊಬ್ಬನೇ. ಎದುರು ನಿಂತವರು ಮುಖ ಒರೆಸಿಕೊಂಡರು. ಲಿಖಿತ ದೂರೂ ಕೊಟ್ಟ. ನಗರಸಭೆಯಿಂದ ಉತ್ತರ ಬಂತು:

‘ತಾವು ಸೂಚಿಸಿರುವ ‘ಕ್ಷ’ ಅಕ್ಷರವು ಈ ಕಡತದಲ್ಲಿ ಎಲ್ಲಿಯೂ ಕಂಡುಬಂದಿರುವುದಿಲ್ಲ. ಅದು ಕಳೆದುಹೋಗಿದ್ದಲ್ಲಿ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು. ಆದರೂ ಸಮಿತಿಯ ಭೇಟಿಯ ದಿನ ಸ್ಥಳದಲ್ಲೇ ವಿಚಾರಣೆ ನಡೆಸಲು ಪ್ರಥಮ ದರ್ಜೆ ಅಧಿಕಾರಿಯವರನ್ನು ನೇಮಿಸಲಾಗಿದೆ. ಅವರ ತೀರ್ಮಾನವೇ ಅಂತಿಮ.’

ಪ್ರಥಮ ದರ್ಜೆ ಅಂದರೆ ಯಾರು ಗೊತ್ತಲ್ಲ. ಗೋಡೆ ಆಚೆ ಗಂಟೆ ಬಾರಿಸಿದ ಸದ್ದು ಕೇಳಿಸ್ತು.

“ವಿಚಾರಣೆ ನಿಷ್ಪಕ್ಷಪಾತವಾಗಿ ನಡೆಯುತ್ತೆ” ಅಂತ ಗೋಡೆ ಹೇಳಿತು. “ಅಂಗಡಿ ಉಳಿಯಬೇಕು ಅನ್ನೋರು ಆ ದಿನ ಒಂದು ಕೋಟು ಹಾಕ್ಕೊಂಡು ನಿಲ್ಲಬೇಕು. ಎಲ್ಲರ ಮುಂದೆ. ತೋಳು ಸರಿಯಾಗಿದೆ ಅಂತ ಹೇಳಬೇಕು.”

“ಸತ್ತರೂ ಇಲ್ಲ!” ಅಂದೆ.

ಸಂಜೆ ನಮ್ಮವಳು ತಟ್ಟೆ ಇಟ್ಟಳು, ಅದರಲ್ಲಿ ಏನೂ ಬಡಿಸಲಿಲ್ಲ. “ಅವನಿಗೂ ಹೇಳಿ ಬಂದಿದ್ದೀನಿ. ಅಕ್ಕ ಅಂತ ನನ್ನ ಮನೆಗೆ ಬಂದರೆ ಅವನಿಗೂ ಇದೇ. ಒಂದು ಗೇಣು ಬಟ್ಟೆಗೋಸ್ಕರ ನಮ್ಮ ಮಾವ ಹಾಕಿದ ಅಂಗಡಿ ಹೋಗ್ಲಾ? ಆ ಗಾರೆ ಕಲಸಿದ್ದು ನಾನು. ಮದುವೆಯಾಗಿ ಬಂದ ಹೊಸದು, ಕೈ ಸುಟ್ಟು ಬೊಬ್ಬೆ ಬಂದಿತ್ತು.”

ನಾನು ಖಾಲಿ ತಟ್ಟೆ ನೋಡಿದೆ. ಆಮೇಲೆ ಕೋಟು ಎಲ್ಲಿದೆ ಅಂತ ಕೇಳಿದೆ. ಹೆದರಿ ಅಲ್ಲ, ಹಸಿದು.

ಇನ್ನು ಘಟಕ ತಯಾರು ಮಾಡಬೇಕಿತ್ತು. ಸಮಿತಿಯವರು ಬಿಸಿಲು ಹಿಡಿಯೋ ಫಲಕ ಎಲ್ಲಿ ಅಂತ ಕೇಳ್ತಾರೆ, ಹೊಳೀತಿರಬೇಕು, ಸಾಲಾಗಿರಬೇಕು, ಮಹಡಿ ಮೇಲಿರಬೇಕು ಅಂತ ಚೇರ್ಮನ್ನರು ಚಿಂತೆ ಮಾಡಿದರು. ನಾನು ಹೇಳಿದೆ, “ಹೊಳಪಿನ ಚಿಂತೆ ನನಗೆ ಬಿಡಿ. ನಿಮ್ಮ ಸಿಬ್ಬಂದಿನ ಕಳಿಸಿ.”

ಕಳಿಸಿದರು. ‘ಪ್ರಶಸ್ತಿಯ ಹಿತದೃಷ್ಟಿಯಿಂದ ಎಲ್ಲ ನೌಕರರೂ ತಲೆಯನ್ನು ಘಟಕಕ್ಕೆ ಒಪ್ಪಿಸತಕ್ಕದ್ದು, ಕೂದಲನ್ನು ಕರ್ತವ್ಯಲೋಪವೆಂದು ಪರಿಗಣಿಸಲಾಗುವುದು’ ಅಂತ ಸುತ್ತೋಲೆ. ಜನರ ತಲೆ ಬೋಳಿಸಿ ಅಭ್ಯಾಸ ಇದ್ದವರು, ತಮ್ಮದನ್ನ ಕೊಡೋಕೆ ಮೊದಲು ಸ್ವಲ್ಪ ಮುಲುಗುಟ್ಟಿದರು. ಕಂದಾಯ ವಿಭಾಗ, ಆರೋಗ್ಯ ವಿಭಾಗ, ಜನನ ಮರಣ ವಿಭಾಗ, ಎಲ್ಲಾನೂ ನುಣ್ಣಗೆ ಮಾಡಿ, ಮೇಲೆ ಒಂದೊಂದು ಹನಿ ಎಣ್ಣೆ ಒರೆಸಿ ಬಿಟ್ಟೆ. ಕೂದಲು ಕೊಂಕಲಿಲ್ಲ. ಕೊಂಕೋಕೆ ಉಳಿದಿರಲೂ ಇಲ್ಲ.

ಸಮಿತಿ ಬಂದ ದಿನ ಬಿಸಿಲು ಚೆನ್ನಾಗಿತ್ತು. ನನ್ನ ಅಂಗಡಿ ಮಹಡಿ ಮೇಲೆ ನೌಕರರು ಹುದ್ದೆಯ ಪ್ರಕಾರ ಸಾಲಾಗಿ ಕೂತು, ತಲೆ ಸ್ವಲ್ಪ ಬಗ್ಗಿಸಿ, ಬಿಸಿಲು ಸರಿದ ಹಾಗೆ ತಿರುಗ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಕೆಲಸ ದೂರದಿಂದ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಸಮಿತಿಯ ಮುಖ್ಯಸ್ಥೆ, ಬಿಗುಮುಖದ ಹೆಂಗಸು, ಕೈಯಲ್ಲಿದ್ದ ಬೆಳಕು ಅಳೆಯೋ ಯಂತ್ರ ಎತ್ತಿ ಹಿಡಿದರು. ಮುಳ್ಳು ಆ ಕೊನೆಗೆ ಹೋಗಿ ಅಲ್ಲೇ ನಿಂತಿತು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದರು.

“ಮೋಡ ಬಂದರೆ?” ಅಂತ ಕೇಳಿದರು.

“ಟೀಗೆ ಹೋಗ್ತಾರೆ” ಅಂದೆ.

“ನಿರ್ವಹಣೆ?”

“ವಾರಕ್ಕೊಂದು ಸಲ ಕತ್ತಿ ಆಡಿಸಿದರೆ ಸಾಕು.”

ಬರ್ಕೊಂಡರು. ಆಗಲೇ ಅಳಿಯ ನುಗ್ಗಿ ಬಂದ. ತಲೆ ತುಂಬ ಕೂದಲು, ಬಾಚಿ, ಅಲೆಅಲೆಯಾಗಿ. “ಮೇಡಂ, ಮೋಸ! ನನ್ನ ಮಾತು ಕೇಳಿ!”

“ವಿಚಾರಣಾಧಿಕಾರಿ ಎಲ್ಲಿ?” ಅಂದರು ಮುಖ್ಯಸ್ಥೆ.

ಭಾವಮೈದ ಮುಂದೆ ಬಂದ, ಕತ್ತಲ್ಲಿ ಟೇಪು ನೇತಾಡ್ತಿತ್ತು. “ಸಾಕ್ಷಿ ಘಟಕದೊಳಗೇ ಕೂತು ಹೇಳಿಕೆ ಕೊಡಬೇಕು. ಅದೇ ನಿಯಮ” ಅಂದ. ಅಂಥ ನಿಯಮ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ಎಲ್ಲರೂ ಕೆಳಗೆ ಬಂದೆವು. ಚೇರ್ಮನ್ನರು ಅಳಿಯನ ಭುಜ ಅಮುಕಿ ಕುರ್ಚಿಯಲ್ಲಿ ಕೂರಿಸಿದರು. “ಸುಮ್ಮನೆ ಕೂತ್ಕೋಪ್ಪಾ. ಘಟಕ ಚಾಲೂ ಇರೋದನ್ನ ಮೇಡಂ ನೋಡಲಿ.”

ನಾನು ಕೋಟು ಹಾಕ್ಕೊಂಡು ನಿಂತೆ. ಬೀದಿಯೆಲ್ಲ ಬಾಗಿಲಲ್ಲಿ ಸೇರಿತ್ತು, ಮುಂದೆ ನಮ್ಮವಳು. ಭಾವಮೈದ ಟೇಪು ಹಿಡಿದು ನನ್ನ ಮುಖ ನೋಡಿದ. ಗೋಡೆ ಇಲ್ಲದೆ ನಾವಿಬ್ಬರೂ ಎದುರು ನಿಂತು ಎಷ್ಟೋ ಕಾಲ ಆಗಿತ್ತು. ಅವನ ಕೆನ್ನೆಗೂದಲು ಎಡಗಡೆ ಉದ್ದವೇ ಇತ್ತು, ನಾನೇ ನೋಡಿದೆ.

“ತೋಳು ಹೇಗಿದೆ, ಭಾವ?”

“ಸರಿಯಾಗಿದೆ” ಅಂದೆ. ಹಲ್ಲು ಕಚ್ಚಿಕೊಂಡು ಅಂದದ್ದು. ‘ಕ್ಷ’ ಹೇಳೋದಕ್ಕಿಂತ ಕಷ್ಟ.

ಅಳಿಯನ ಮುಖಕ್ಕೆ ನೊರೆ ಹಚ್ಚಿ ಕತ್ತಿ ಎತ್ತಿದೆ. ಮುಖ್ಯಸ್ಥೆ ಕೇಳಿದರು, “ಈಗ ಹೇಳಿ. ಇಲ್ಲಿ ನಡೀತಿರೋದು ಏನು?”

ಅವನು ದೊಡ್ಡದಾಗಿ ಬಾಯಿ ತೆರೆದ. ನಾನು ಕತ್ತಿ ಹಿಂದಕ್ಕೆ ತೆಗೆಯೋಕೆ ಕೈ ಎಳೆದೆ. ಅಷ್ಟರಲ್ಲಿ ಆ ಹಾಳು ಬಲತೋಳು, ಅದೇ ಒಂದು ಗೇಣು ಜಾಸ್ತಿ ಇದ್ದದ್ದು, ನೊರೆ ಬಟ್ಟಲಲ್ಲಿ ಮುಳುಗಿ ಮೇಲೆದ್ದು, ಅವನ ತೆರೆದ ಬಾಯಿಗೆ ಬಟ್ಟಲಿನ ಅರ್ಧ ಸಾಬೂನು ಬಡಿಯಿತು. ‘ಕ್ಷ’ ಹೇಳೋಕೆ ಹಲ್ಲಿಗೆ ಬಿಡುವಿರಬೇಕು, ನಾಲಿಗೆ ಒಣಗಿರಬೇಕು, ಮನಸ್ಸು ಶಾಂತವಾಗಿರಬೇಕು. ಅವನ ಹತ್ತಿರ ಮೂರೂ ಇರಲಿಲ್ಲ.

“ಸ್… ಸೌ… ಸೌರ!” ಅಂದ.

“ಇನ್ನೊಂದು ಸಲ?”

“ಸೌರ! ಸೌರ!” ಗುಳ್ಳೆ ಹಾರಿದವು.

“ದೂರುದಾರರೇ ಒಪ್ಪಿಕೊಂಡಿದ್ದಾರೆ” ಅಂತ ಭಾವಮೈದ ಘೋಷಿಸಿದ. ಫೈಲಿನ ಮೇಲೆ ಬರೆದ ತೀರ್ಮಾನ ನಾನೇ ಓದಿಸಿ ಕೇಳಿದ್ದೀನಿ: ‘ಅಳತೆ ಸರಿಯಾಗಿದೆ. ತೋಳು ಬೇಕಾದಷ್ಟೇ ಉದ್ದ ಇದೆ.’

ಒಂದು ಸುತ್ತು ಕುರ್ಚಿ ಎಡಕ್ಕೆ ತಿರುಗಿಸಿ, ಅಳಿಯನ ತಲೆಯನ್ನೂ ಪೂರ್ತಿ ನುಣ್ಣಗೆ ಮಾಡಿ ಮಹಡಿಗೆ ಕಳಿಸಿದೆ. ಕಿವಿಗೆ ಗಾಯ ಆಗಲಿಲ್ಲ.

ಪ್ರಶಸ್ತಿ ಬಂತು. ನಗರಸಭೆಯವರು ಜಾಗರೂಕರು, ಮುಂದೆ ಯಾರೂ ತಕರಾರು ತೆಗೀಬಾರದು ಅಂತ ಕೊನೆಯ ಪ್ರಕಟಣೆ ಹೊರಡಿಸಿದರು:

‘ಒಂದು ಅಸರವು ನಗರದ ಪ್ರಶಸ್ತಿಗೆ ಧಕ್ಕೆ ತರುವ ಸಂಭವವಿರುವುದರಿಂದ, ಇಂದಿನಿಂದ ಸದರಿ ಅಸರವನ್ನು ಎಲ್ಲ ವ್ಯವಹಾರಗಳಿಂದ ತೆರವುಗೊಳಿಸಿ, ಅದರ ಜಾಗದಲ್ಲಿ ‘ಸ’ವನ್ನು ನೇಮಿಸಲಾಗಿದೆ. ತಪ್ಪಿದವರಿಗೆ ಸಮೆ ಇರುವುದಿಲ್ಲ. ಸಹಿ: ಅಧ್ಯಸರು.’

ಜನ ಎರಡು ದಿನದಲ್ಲಿ ಹೊಂದಿಕೊಂಡರು. ಶಿಸಕರು ಶಾಲೆಯಲ್ಲಿ ಪರೀಸೆ ನಡೆಸ್ತಿದ್ದಾರೆ. ವಿರೋಧ ಪಸದವರು ಪ್ರತಿಭಟನೆ ಮಾಡಿದರು. ಮನವಿಯಲ್ಲಿ ತಮ್ಮನ್ನ ಹಳೇ ರೀತಿ ಬರ್ಕೊಂಡಿದ್ದರಿಂದ ಅಂಥ ಗುಂಪೇ ಊರಲ್ಲಿಲ್ಲ ಅಂತ ಹಿಂದಕ್ಕೆ ಕಳಿಸಿದರು. ಕಾರು ನಿಲ್ಲಿಸೋ ಕಟ್ಟಡವನ್ನ ಅಳಿಯ ಗೌರವ ವಲಯದಲ್ಲೇ ಕಟ್ಟಿದ. ಅಲ್ಲಿಗೆ ಕಾರು ಹೋಗೋ ದಾರಿ ಇಲ್ಲ, ಹಾಗಾಗಿ ಕಟ್ಟಡ ಬಹಳ ಚೊಕ್ಕಟವಾಗಿದೆ.

ಭಾವಮೈದನಿಗೂ ನನಗೂ ಮಾತು ಶುರುವಾಗಿದೆ. ಅಭ್ಯಾಸ ತಪ್ಪಬಾರದು ಅಂತ ಆಗಾಗ ಗೋಡೆಗೂ ಹೇಳ್ತೀವಿ. ನನ್ನ ಬಲ್ಬು ಇನ್ನೂ ಉರಿಯಲ್ಲ.

ಭಾನುವಾರ ಬೆಳಗ್ಗೆ ಅಳಿಯ ಬಂದ. ಬಾಗಿಲಲ್ಲಿ ನಿಂತು ಅಪ್ಪನ ಬೋರ್ಡು ನೋಡಿದ. ಕೈ ಜೇಬಿಗೆ ಹೋಯ್ತು. ಸೀಮೆಸುಣ್ಣ ಇರಬೇಕು ಅಂತ ನಾನು ಬಟ್ಟೆ ಎತ್ತಿಕೊಂಡೆ. ಕರ್ಚೀಫು ತೆಗೆದು ನೆತ್ತಿ ಒರೆಸಿಕೊಂಡ, ಅಷ್ಟೇ. ಬೆಳೆದಿತ್ತು, ಅಕ್ಕಿಕಾಳಷ್ಟು.

“ಅಜ್ಜಾ, ಸೌರ” ಅಂದ. ಎಷ್ಟು ಸ್ವಚ್ಛವಾಗಿ ಅಂದ ಅಂದರೆ, ಎದುರಿಗಿದ್ದ ನನ್ನ ಮುಖಕ್ಕೆ ಒಂದು ಹನಿ ಹಾರಲಿಲ್ಲ.

“ಬಾರಪ್ಪಾ, ಕೂತ್ಕೋ” ಅಂದೆ. “ಮೋಡ ಬರೋದರೊಳಗೆ ಮುಗಿಸಿಬಿಡೋಣ.”